ಒಳಕೋಣೆಯ ಟ್ರೇ ಸಸಿಗೆ ಎಷ್ಟು ಬೆಳಕು ಬೇಕು? ಸಣಕಲಾಗಿ ಉದ್ದ ಬೆಳೆದು ಬೀಳ್ತಿವೆ

ನಿಟ್ಟುವಳ್ಳಿ_ತಾರಸಿ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ಟೊಮೆಟೊ, ಬ್ಯಾಡಗಿ ಮೆಣಸಿನಕಾಯಿ, ಎಲೆಕೋಸು ಸಸಿಗಳನ್ನ ಮನೆಯ ಹಿಂದಿನ ಕೋಣೆಯಲ್ಲಿ ಮಾಡ್ತಿದ್ದೇನೆ. ಏರ್ಪಾಡು ಹೀಗಿದೆ: ನಾಲ್ಕು ಅಡಿ ಉದ್ದ, ಒಂದು ಅಡಿ ಅಗಲದ ಕಬ್ಬಿಣದ ರ‍್ಯಾಕ್. ಒಂದು ಅಂಕಣದಲ್ಲಿ 98 ಗುಂಡಿಯ ಎರಡು ಪ್ರೋಟ್ರೇ (ಸಸಿ ಬೆಳೆಸೋ ಪ್ಲಾಸ್ಟಿಕ್ ಟ್ರೇ), ಉದ್ದಕ್ಕೆ ಜೋಡಿಸಿದ್ದು. ಮೇಲೆ 20 ವ್ಯಾಟಿನ ಎರಡು ಎಲ್‌ಇಡಿ ಬ್ಯಾಟನ್ (ಉದ್ದನೆಯ ಪಟ್ಟಿದೀಪ), 6500 ಕೆ ಬಿಳಿ, ಡಬ್ಬಿ ಮೇಲೆ ತಲಾ 2000 ಲುಮೆನ್ (ದೀಪ ಸೂಸೋ ಒಟ್ಟು ಬೆಳಕು) ಅಂತಿದೆ. ಎಲೆಯಿಂದ ದೀಪಕ್ಕೆ 45 ಸೆಂ.ಮೀ. ಬೆಳಿಗ್ಗೆ 7ಕ್ಕೆ ಹಚ್ಚಿ ಸಂಜೆ 7ಕ್ಕೆ ಆರಿಸೋದು. ಫೋನಿನ ಲಕ್ಸ್ (ಒಂದು ಜಾಗಕ್ಕೆ ಬೀಳೋ ಬೆಳಕಿನ ಅಳತೆ) ಆ್ಯಪ್ ಎಲೆ ಹತ್ರ 3,200 ತೋರಿಸ್ತದೆ. ಕಣ್ಣಿಗಂತೂ ಆಪರೇಷನ್ ಥಿಯೇಟರ್ ಇದ್ದಂಗಿದೆ.

ಆದ್ರೂ ಮೊಳಕೆ ಬಂದ ನಾಲ್ಕೇ ದಿನಕ್ಕೆ ಟೊಮೆಟೊ ಕಾಂಡ 6–7 ಸೆಂ.ಮೀ. ಎದ್ದು, ನೀರು ಹಾಕಿದ ಕೂಡಲೇ ಅಡ್ಡ ಬೀಳ್ತವೆ. ಕೆಲವು ಬುಡದಲ್ಲೇ ಮುರುಟಿ ಹೋಗಿವೆ. ಕೇಳೋದು ಇಷ್ಟು: ಲಕ್ಸ್ ಎಷ್ಟಿರಬೇಕು? ದೀಪ ಎಷ್ಟು ಎತ್ತರದಲ್ಲಿರಬೇಕು? ಆನ್‌ಲೈನ್‌ನಲ್ಲಿ ಸಿಗೋ "1000 ವ್ಯಾಟ್" ಗುಲಾಬಿ ಬಣ್ಣದ ಗ್ರೋ ಲೈಟ್ ತರಿಸಬೇಕಾ? ಇಲ್ಲಾ ಇದೇ ದೀಪಗಳನ್ನ 24 ತಾಸೂ ಹಚ್ಚಿಟ್ಟರೆ ಸಾಕಾ?

ಲಕ್ಸ್_ಲೆಕ್ಕ:

ನಿಮ್ಮ ಕೋಣೆ ಕಣ್ಣಿಗೆ ಬೆಳಕಾಗಿದೆ, ಸಸಿಗೆ ಕತ್ತಲೆ. ಕತ್ತಲಾದಷ್ಟೂ ಕಣ್ಣಿನ ಪಾಪೆ ಅಗಲವಾಗಿ ಸರಿದೂಗಿಸಿಕೊಳ್ಳುತ್ತದೆ, ಆದ್ದರಿಂದ ಕಣ್ಣಿನ ಅಂದಾಜನ್ನು ಈ ವಿಷಯದಲ್ಲಿ ಪೂರ್ತಿ ಬಿಟ್ಟುಬಿಡಿ. ಹೊರಗೆ ನಡುಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್ ಮೇಲಿರುತ್ತದೆ. ನಿಮ್ಮದು 3,200.

ಗಿಡದ ಭಾಷೆಯಲ್ಲಿ ಬೆಳಕನ್ನು ಅಳೆಯುವುದು ಪಿಪಿಎಫ್‌ಡಿಯಲ್ಲಿ: ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ (ಕಣಗಳನ್ನು ಎಣಿಸುವ ಅಳತೆ) ಬೆಳಕಿನ ಕಣ ಬಿತ್ತು ಅಂತ. ಅದರ ಮೀಟರ್ ದುಬಾರಿ. ಆದರೆ ಬಿಳಿ ಎಲ್‌ಇಡಿಗೆ ಒಂದು ಸುಲಭದ ದಾರಿ ಇದೆ. ಲಕ್ಸನ್ನು 70ರಿಂದ ಭಾಗಿಸಿ (ಕೆಲವು ಬಲ್ಬಿಗೆ 65 ಸರಿಹೊಂದುತ್ತದೆ, ಸಸಿಗೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ). ಬಿಸಿಲಿಗಾದರೆ 54ರಿಂದ. ಹಾಗಾಗಿ ನಿಮ್ಮ 3,200 ಲಕ್ಸ್ ಅಂದರೆ ಸುಮಾರು 46 ಮೈಕ್ರೋಮೋಲ್.

ಇನ್ನೊಂದು ಲೆಕ್ಕ ಡಿಎಲ್‌ಐ, ಅಂದರೆ ಇಡೀ ದಿನದಲ್ಲಿ ಸಸಿಗೆ ಸಿಕ್ಕ ಒಟ್ಟು ಬೆಳಕು. ಪಿಪಿಎಫ್‌ಡಿ × ತಾಸು × 0.0036. ನಿಮ್ಮದು 46 × 12 × 0.0036 = 2 ಮೋಲ್ (ಹತ್ತು ಲಕ್ಷ ಮೈಕ್ರೋಮೋಲ್ ಸೇರಿದರೆ ಒಂದು ಮೋಲ್). ಟೊಮೆಟೊ, ಮೆಣಸು, ಬದನೆ ಸಸಿ ಗಟ್ಟಿಯಾಗಿ ಬರಬೇಕಾದರೆ 10ರಿಂದ 12 ಮೋಲ್ ಬೇಕು. ಐದನೇ ಒಂದು ಭಾಗ ಕೊಟ್ಟು ಕೂತಿದ್ದೀರಿ, ಅದಕ್ಕೇ ಸಸಿ ಬೀಜದಲ್ಲಿದ್ದ ಗಂಟನ್ನೆಲ್ಲ ಕಾಂಡ ಉದ್ದ ಮಾಡುವುದಕ್ಕೆ ಸುರಿದು ಬೆಳಕು ಹುಡುಕುತ್ತಿದೆ.

ದುಡ್ಡು ಖರ್ಚಿಲ್ಲದೆ ಈವತ್ತೇ ಮಾಡಬಹುದಾದ್ದು: ಎರಡೂ ಬ್ಯಾಟನ್ನನ್ನು ಎಲೆಯಿಂದ 15 ಸೆಂ.ಮೀ.ಗೆ ಇಳಿಸಿ. ಟ್ರೇ ನಡುವೆ ಸುಮಾರು 8,000 ಲಕ್ಸ್ ಬರುತ್ತದೆ. ತಾಸನ್ನು 15ಕ್ಕೆ ಏರಿಸಿದರೆ 6 ಮೋಲ್ ದಾಟುತ್ತದೆ. ಇದು ಸಾಕಾಗುವುದಿಲ್ಲ, ಆದರೆ ಸಸಿ ಬೀಳುವುದು ನಿಲ್ಲುತ್ತದೆ.

ಸರಿಯಾದ ಪರಿಹಾರ ಇನ್ನೆರಡು ಅಂಥದ್ದೇ ಬ್ಯಾಟನ್. ಒಟ್ಟು ನಾಲ್ಕು, ಒಂದರಿಂದ ಒಂದಕ್ಕೆ 9 ಸೆಂ.ಮೀ. ಬಿಟ್ಟು, ಹೊರಗಿನ ಎರಡು ಹೆಚ್ಚುಕಡಿಮೆ ಟ್ರೇ ಅಂಚಿನ ನೇರಕ್ಕೆ ಬರುವ ಹಾಗೆ. ಆಗ ಟ್ರೇ ನಡುಭಾಗಕ್ಕೆ ಸಿಗುವ ಬೆಳಕು ಹೀಗೆ:

25 ಸೆಂ.ಮೀ. ಎತ್ತರದಲ್ಲಿ ಸುಮಾರು 10,000 ಲಕ್ಸ್ (150 ಮೈಕ್ರೋಮೋಲ್)
15 ಸೆಂ.ಮೀ. ಎತ್ತರದಲ್ಲಿ 14,000–15,000 ಲಕ್ಸ್ (200–210)
10 ಸೆಂ.ಮೀ. ಎತ್ತರದಲ್ಲಿ 17,000–18,000 ಲಕ್ಸ್ (250)

ಡಬ್ಬಿಯ ಮೇಲಿನ 2000 ಲುಮೆನ್ ನಿಜವಾಗಿದ್ದರೆ ಈ ಲೆಕ್ಕ. ಹಳೇ ಬ್ಯಾಟನ್, ಧೂಳು ಕೂತ ಬ್ಯಾಟನ್ ಇದಕ್ಕಿಂತ ಕಡಿಮೆ ಕೊಡುತ್ತವೆ, ಆದ್ದರಿಂದ ಅಳೆದು ನೋಡಿ. "ದೂರ ಅರ್ಧಕ್ಕಿಳಿಸಿದರೆ ಬೆಳಕು ನಾಲ್ಕು ಪಟ್ಟು" ಅನ್ನುವ ಮಾತು ಒಂಟಿ ಬಲ್ಬಿನದ್ದು. ಉದ್ದ ಬ್ಯಾಟನ್ನುಗಳನ್ನು ಸಾಲಾಗಿ ಹತ್ತಿರ ಕಟ್ಟಿದಾಗ ಅದು ನಡೆಯುವುದಿಲ್ಲ. ಮೇಲೆ ನೋಡಿ, 25ರಿಂದ 10ಕ್ಕೆ ಬಂದರೂ ಎರಡು ಪಟ್ಟು ಕೂಡ ಆಗಲಿಲ್ಲ. 9 ವ್ಯಾಟಿನ ಒಂಟಿ ಬಲ್ಬ್ ತೂಗುಹಾಕಿದವರಿಗೆ ಆ ಮಾತು ಅನ್ವಯಿಸುತ್ತದೆ: ಒಂದು ಅಡಿ ದೂರದಲ್ಲಿ ಅದು ಹೆಚ್ಚೆಂದರೆ 3,000 ಲಕ್ಸ್, ಅದೂ ನೇರ ಕೆಳಗೆ ಮಾತ್ರ.

ಯಾವಾಗ ಯಾವ ಎತ್ತರ? ಮೊಳಕೆ ಮಣ್ಣಿನಿಂದ ಕೊಕ್ಕೆಯ ಹಾಗೆ ತಲೆ ಎತ್ತಿದ ದಿನದಿಂದ ಮೂರು–ನಾಲ್ಕು ದಿನ 25 ಸೆಂ.ಮೀ. ಬೀಜದೆಲೆ ಪೂರ್ತಿ ಬಿಚ್ಚಿ ಮೊದಲ ನಿಜವಾದ ಎಲೆಯ ಮೊನೆ ಕಂಡ ಕೂಡಲೇ 15ಕ್ಕೆ ಇಳಿಸಿ. ಹೊರಗೆ ಸಾಗಿಸುವ ಹಿಂದಿನ ವಾರ 10. ಎಲೆ ಮೇಲೇರಿದ ಹಾಗೆ ದೀಪವನ್ನೂ ಏರಿಸುತ್ತಾ ಹೋಗಬೇಕು. ಅದಕ್ಕೆ ತೆಳು ಸರಪಳಿ, ಎಸ್ ಕೊಕ್ಕೆ ಹಾಕಿ ತೂಗುಬಿಡಿ, ರ‍್ಯಾಕಿಗೆ ಸ್ಕ್ರೂ ಹೊಡೆದು ಕೂರಿಸಬೇಡಿ.

ದೀಪ 15 ಸೆಂ.ಮೀ. ಎತ್ತರದಲ್ಲಿದ್ದಾಗ ಟ್ರೇ ಅಂಚಿನಲ್ಲಿ ಲಕ್ಸ್ 10,000–11,000ಕ್ಕೆ ಇಳಿಯುತ್ತದೆ. ಬ್ಯಾಟನ್ನಿನ ಎರಡು ತುದಿಗಳ ಕಡೆ ನಡುವಿನ ಮುಕ್ಕಾಲು ಭಾಗ ಸಿಕ್ಕರೆ ಹೆಚ್ಚು. ಇದಕ್ಕೆ ಸುತ್ತ ಬಿಳಿ ಗೋಡೆ ಕಟ್ಟಬೇಕು: ಥರ್ಮಾಕೋಲ್ ಹಾಳೆ, ಇಲ್ಲವೇ ಹಳೇ ಫ್ಲೆಕ್ಸ್ ಬ್ಯಾನರಿನ ಬಿಳಿ ಬೆನ್ನು. ನಮ್ಮೂರಲ್ಲಿ ಫ್ಲೆಕ್ಸಿಗೇನು ಬರ. ಕೆಳಗೆ ನಾಲ್ಕು ಬೆರಳು ಗಾಳಿಗೆ ಬಿಡಿ. ಎರಡು ದಿನಕ್ಕೊಮ್ಮೆ ಟ್ರೇಗಳನ್ನು ಹಿಂದುಮುಂದಾಗಿ ತಿರುಗಿಸಿ, ಒಳತುದಿ ಹೊರಗೆ ಬರಲಿ.

ಗುಲಾಬಿ ದೀಪ ಬೇಡ. "1000 ವ್ಯಾಟ್" ಅನ್ನುವುದು ಮಾರುವವರು ಇಟ್ಟ ಹೆಸರು, ಕರೆಂಟು ಎಳೆಯುವುದು ಅದರ ಹತ್ತನೇ ಒಂದು ಭಾಗದ ಸುತ್ತಮುತ್ತ ಇರುತ್ತದೆ. ಕೊಳ್ಳುವುದೇ ಆದರೆ ಡ್ರೈವರ್ (ದೀಪಕ್ಕೆ ಕರೆಂಟು ಕೊಡುವ ಡಬ್ಬಿ) ಮೇಲಿನ ಇನ್‌ಪುಟ್ ವ್ಯಾಟ್ ಓದಿ. ಲಕ್ಸ್ ಮೀಟರು ಮನುಷ್ಯನ ಕಣ್ಣಿನಂತೆ ಹಸಿರಿಗೆ ಜಾಸ್ತಿ ಸ್ಪಂದಿಸುವ ಸಾಧನ, ಕೆಂಪು–ನೀಲಿಯನ್ನು ತೀರಾ ಕಡಿಮೆ ತೋರಿಸುತ್ತದೆ, ಆಗ 70ರ ಭಾಗಾಕಾರವೂ ಕೈಕೊಡುತ್ತದೆ. ಆ ಬಣ್ಣದಡಿ ಎಲೆ ಹಳದಿಯಾದದ್ದೂ, ರೋಗದ ಚುಕ್ಕೆಯೂ ಕಣ್ಣಿಗೆ ಬೀಳುವುದಿಲ್ಲ. ಸಸಿಗೆ ಸಾದಾ ಬಿಳಿ ಬೆಳಕು ಸಾಕು.

24 ತಾಸು ಬೇಡವೇ ಬೇಡ. ಟೊಮೆಟೊ ಮತ್ತು ಬದನೆ ಬಿಡುವಿಲ್ಲದ ಬೆಳಕನ್ನು ತಾಳುವುದಿಲ್ಲ, ಎಲೆಯ ಮೇಲೆ ಹಳದಿ ಮಚ್ಚೆ ಬಂದು ಸೊರಗುತ್ತವೆ. 14ರಿಂದ 16 ತಾಸು.

ಕೋಟೆನಾಡು_ಟ್ರೇ (ಚಿತ್ರದುರ್ಗ):

ಮೇಲಿನವರ ಲೆಕ್ಕ ಸರಿ ಐತಿ. ಆದ್ರೆ ಬೆಳಕೊಂದೇ ಅಲ್ರಿ, ನಿಮ್ಮ ಸಸಿ ಉದ್ದಾಗಾಕೆ ಇನ್ನೆರಡು ಕಾರಣ ಇರಬೋದು, ಅವನ್ನೂ ನೋಡ್ರಿ.

ಒಂದು, ಟ್ರೇ ಬಿಚ್ಚೋದು ತಡ ಆಗಿರ್ತದೆ. ಬಿತ್ತಿದ ಮೇಲೆ ಟ್ರೇಗಳನ್ನ ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಮುಚ್ಚಿ ಇಡ್ತೀವಲ್ಲ, ಟೊಮೆಟೊ ಮೂರು–ನಾಲ್ಕು ದಿನಕ್ಕೇ ಒಡೀತದೆ, ಎಲೆಕೋಸು ಅದಕ್ಕೂ ಮೊದಲು. ಮೆಣಸಿನಕಾಯಿಗೆ ಆರೇಳು ದಿನ ಬೇಕು. ಮೂರನ್ನೂ ಒಂದೇ ಪೇರಿಕೆಲಿ ಇಟ್ಟು, ಮೆಣಸು ಬರ್ಲಿ ಅಂತ ಕಾದ್ರೆ ಕೋಸು ಕತ್ತಲಲ್ಲೇ ಎರಡು ಇಂಚು ಎದ್ದು ನಿಂತಿರ್ತದೆ. ಹಂಗೆ ಎಳೆದ ಕಾಂಡ ಆಮೇಲೆ ಎಷ್ಟೇ ಬೆಳಕು ಕೊಟ್ರೂ ಮತ್ತೆ ಗಿಡ್ಡ ಆಗಲ್ಲ. ಬೆಳೆವಾರು ಬೇರೆ ಬೇರೆ ಪೇರಿಸ್ರಿ, ಎರಡನೇ ದಿನದಿಂದ ಬೆಳಿಗ್ಗೆ ಸಂಜೆ ಎತ್ತಿ ನೋಡ್ರಿ. ನೂರಕ್ಕೆ ಹತ್ತು ಗುಂಡಿ ಮೊಳಕೆ ಕಂಡ್ರೆ ಸಾಕು, ಉಳಿದವು ಬರ್ತಾವೆ, ದೀಪದ ಕೆಳಗೆ ಹರಡಿಬಿಡ್ರಿ.

ಎರಡು, ಸೆಖೆ. ಬೆಳಕು ಕಡಿಮೆ, ಬಿಸಿ ಜಾಸ್ತಿ ಆದ್ರೆ ಸಸಿ ಓಡ್ತದೆ. ಮಾರ್ಚ್–ಏಪ್ರಿಲ್‌ನಾಗೆ ನಮ್ಮ ಕಡೆ ಆರ್‌ಸಿಸಿ ಕೋಣೆ ರಾತ್ರಿ ಹತ್ತಾದ್ರೂ ಆರಲ್ಲ. ಮೊಳಕೆ ಬರೋ ತನಕ 28–30 ಡಿಗ್ರಿ ಚೊಲೋ, ಬಂದ ಮೇಲೆ ಹಗಲು 25ರ ಸುತ್ತ, ರಾತ್ರಿ 20ರ ಸುತ್ತ ಸಿಕ್ಕರೆ ಬಂಗಾರ. ನಮಗೆ ಸಿಗೋದಿಲ್ಲ ಅನ್ನೋದೂ ಗೊತ್ತು. ಅದಕ್ಕೆ ಬೇಸಿಗೇಲಿ ದೀಪದ ಪಾಳಿನ ರಾತ್ರಿಗೆ ಹಾಕ್ರಿ: ಸಂಜೆ 6ರಿಂದ ಬೆಳಿಗ್ಗೆ 9. ನಾಲ್ಕು ಬ್ಯಾಟನ್ ಅಂದ್ರೆ 80 ವ್ಯಾಟ್ ಬಿಸಿ, ಅದು ಮಧ್ಯಾಹ್ನದ ಬಿಸಿಗೆ ಸೇರಬಾರದು. ಹಗಲು ಕಿಟಕಿಗೆ ದಪ್ಪ ಪರದೆ ಬೇಕು, ಇಲ್ಲಾಂದ್ರೆ ಸಸಿಗೆ ಕತ್ತಲೇ ಸಿಗದಂಗಾಗ್ತದೆ.

ಬುಡ ಮುರುಟಿದ್ದು ಬೆಳಕಿನ ತೊಂದರೆ ಅಲ್ಲ. ಮಣ್ಣಿಗೆ ತಾಗೋ ಕಡೆ ನೀರು ನೀರಾಗಿ, ಕಂದು ಬಣ್ಣಕ್ಕೆ ತಿರುಗಿ ಕುಸಿದಿದ್ರೆ ಅದು ಸಸಿ ಕೊಳೆ ರೋಗ, ಪಿಥಿಯಮ್, ರೈಜೋಕ್ಟೋನಿಯಾ ಅನ್ನೋ ರೋಗಾಣುಗಳ ಕೆಲಸ. ಸಣಕಲು ಸಸಿ, ಒದ್ದೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಅಲುಗದ ಗಾಳಿ, ಮೂರೂ ಕೂಡಿದ್ರೆ ಅದು ಬಂದೇ ಬರ್ತದೆ. ಬಿದ್ದ ಸಸಿನ ಅಕ್ಕಪಕ್ಕದ ಗುಂಡಿ ಸಮೇತ ತೆಗೆದು ಹೊರಗೆ ಹಾಕ್ರಿ. ಉಳಿದವಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಕಲಸಿ ಬುಡ ತೊಯ್ಯೋ ಹಂಗೆ ಹಾಕ್ರಿ. ಮುಂದಿನ ಸಲಕ್ಕೆ ಬಿತ್ತೋ ಮೊದಲೇ ಕೋಕೋಪೀಟಿಗೆ ಟ್ರೈಕೋಡರ್ಮ (ರೋಗಾಣುಗಳನ್ನ ತಡೆಯೋ ಒಳ್ಳೆ ಶಿಲೀಂಧ್ರ) ಬೆರೆಸ್ರಿ. ಎರಡನ್ನೂ ಒಟ್ಟಿಗೆ ಹಾಕಬ್ಯಾಡ್ರಿ, ಆ ಔಷಧಿ ಟ್ರೈಕೋಡರ್ಮಾನೂ ಕೊಲ್ತದೆ. ದೀಪ ಆರಿಸೋ ಹೊತ್ತಿಗೆ ನೀರು ಹಾಕೋ ಚಟ ಬಿಡ್ರಿ. ದೀಪ ಹಚ್ಚಿದ ಮೇಲೆ ಹಾಕ್ರಿ, ಎಲೆ ಆರಾಕೆ ಹೊತ್ತು ಸಿಗ್ತದೆ.

ಸಣ್ಣ ಟೇಬಲ್ ಫ್ಯಾನ್ ಕಡಿಮೆ ವೇಗದಲ್ಲಿ ದಿನಾ ಮೂರ್ನಾಲ್ಕು ತಾಸು ಇಡ್ರಿ. ಎಲೆ ಸುಮ್ನೆ ಅಲುಗಾಡಬೇಕು ಅಷ್ಟೆ. ಅಲುಗಾಡಿದ ಕಾಂಡ ದಪ್ಪ ಆಗ್ತದೆ. ಆದ್ರೆ ಗಾಳಿ ಸೀದಾ ಟ್ರೇ ಮೇಲೆ ಬಡಿದ್ರೆ ಒಣ ಹವೇಲಿ ಅಂಚಿನ ಗುಂಡಿಗಳು ಅರ್ಧ ದಿನಕ್ಕೇ ಒಣಗಿ ಕೂತಿರ್ತವೆ, ಗೋಡೆ ಕಡೆ ತಿರುಗಿಸಿ ಇಡ್ರಿ.

ಇನ್ನೊಂದು ಮಾತು, ಸಿಟ್ಟಾಗಬ್ಯಾಡ್ರಿ. ತಾರಸಿ ಇದ್ದವರಿಗೆ ಒಳಕೋಣೆ ಯಾಕೆ? ಶೇ. 50ರ ನೆರಳು ಪರದೆ, ಸುತ್ತ ಕೀಟ ಬಾರದ ಬಲೆ ಹಾಕಿದ್ರೆ ಒಂದು ಪೈಸೆ ಕರೆಂಟಿಲ್ಲದೆ ಇದಕ್ಕಿಂತ ಗಟ್ಟಿ ಸಸಿ ಬರ್ತವೆ.

ನಿಟ್ಟುವಳ್ಳಿ_ತಾರಸಿ:

ಅಣ್ಣಾ, ತಾರಸಿ ಇರೋದು ಹೆಸರಲ್ಲಿ ಮಾತ್ರ, ಬೀಗದ ಕೈ ಮಾಲೀಕರ ಹತ್ರ! ಬಾಡಿಗೆ ಮನೆ, ಇರೋದೆಲ್ಲ ಈ ಕೋಣೆಯೇ.

ಬ್ಯಾಟನ್ 15 ಸೆಂ.ಮೀ.ಗೆ ಇಳಿಸಿದೆ. ನನ್ನ ಫೋನು 7,900 ಅಂತದೆ, ಮನೆಯವರ ಫೋನು ಅದೇ ಜಾಗದಲ್ಲಿ 5,400. ಯಾವುದನ್ನ ನಂಬೋದು? ಈರುಳ್ಳಿ ಸಸಿಗೂ ಇದೇ ಲೆಕ್ಕವಾ? ಕರೆಂಟ್ ಬಿಲ್ಲು ಎಷ್ಟು ಏರ್ತದೆ ಅನ್ನೋದೂ ಹೇಳಿ.

ಲಕ್ಸ್_ಲೆಕ್ಕ:

ಫೋನಿನ ಸೆನ್ಸರು ಪರದೆಯ ಹೊಳಪು ಹೆಚ್ಚುಕಡಿಮೆ ಮಾಡಲು ಇಟ್ಟದ್ದು, ಅಳತೆಗೆ ಅಂತ ಮಾಡಿದ್ದಲ್ಲ. ಅದು ಸಾಮಾನ್ಯವಾಗಿ ಮುಂಭಾಗದ ಮೇಲ್ತುದಿಯಲ್ಲಿ, ಕಿವಿಗೆ ಹಿಡಿಯುವ ಜಾಗದ ಹತ್ತಿರ ಇರುತ್ತದೆ. ಅಕ್ಕಪಕ್ಕದಿಂದ ಓರೆಯಾಗಿ ಬರುವ ಬೆಳಕನ್ನು ಹಲವು ಫೋನುಗಳು ಸರಿಯಾಗಿ ಹಿಡಿಯುವುದಿಲ್ಲ. ನಿಮ್ಮ ರ‍್ಯಾಕಿನಲ್ಲಿ ಅರ್ಧ ಬೆಳಕು ಓರೆಯಾಗಿಯೇ ಬರುವುದು. ಪರದೆ ಮೇಲಿನ ಗಾಜು, ಕವರಿನ ಅಂಚು ಕೂಡ ಅಡ್ಡ ಬರುತ್ತವೆ.

ಕವರ್ ತೆಗೆದು, ಗಾಜು ಒರೆಸಿ, ಎಲೆಯ ಎತ್ತರಕ್ಕೆ ಸಮವಾಗಿ, ಮುಖ ಮೇಲೆ ಮಾಡಿ ಮಲಗಿಸಿ. ಕೈಯಲ್ಲಿ ಹಿಡಿದು ಬಗ್ಗಿ ನೋಡಿದರೆ ನಿಮ್ಮ ತಲೆಯ ನೆರಳೇ ಬೀಳುತ್ತದೆ. ನಡುವೆ, ನಾಲ್ಕು ಮೂಲೆ, ಎರಡು ಉದ್ದದ ಅಂಚಿನ ಮಧ್ಯ, ಹೀಗೆ ಏಳು ಕಡೆ ಅಳೆದು ಸರಾಸರಿ ತೆಗೆಯಿರಿ. ಅತಿ ಕಡಿಮೆ ಬಂದ ಮೂಲೆ ಸರಾಸರಿಯ ಮುಕ್ಕಾಲಿಗಿಂತ ಕೆಳಗಿದ್ದರೆ ಬಿಳಿ ಗೋಡೆ ಸಾಲದು ಅಂತ ತಿಳಿಯಿರಿ.

ಎರಡು ಫೋನಿನ ಜಗಳಕ್ಕೆ: ಎರಡು ಬ್ಯಾಟನ್ 15 ಸೆಂ.ಮೀ.ನಲ್ಲಿ 8,000ದ ಹತ್ತಿರ ಕೊಡಬೇಕು ಅಂತ ಲುಮೆನ್ ಲೆಕ್ಕ ಹೇಳುತ್ತದೆ, ಹಾಗಾಗಿ ನಿಮ್ಮ ಫೋನೇ ನಿಜಕ್ಕೆ ಹತ್ತಿರ. ಆ ಒಂದೇ ಫೋನನ್ನು ಕೊನೆಯವರೆಗೂ ಬಳಸಿ. ಬಿಳಿ ಗುಮ್ಮಟ ಇರುವ ಅಗ್ಗದ ಡಿಜಿಟಲ್ ಲಕ್ಸ್ ಮೀಟರ್ ಕೊಂಡರೆ ಈ ತಲೆನೋವೇ ಇಲ್ಲ. ನೂರಾರು ಟ್ರೇ ಮಾಡುವವರು ಅದನ್ನೇ ಇಟ್ಟುಕೊಳ್ಳಲಿ.

ಬಿಲ್ಲು: 80 ವ್ಯಾಟ್ × 15 ತಾಸು = ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36. ನೀವು ಬೆಸ್ಕಾಂ ಗೃಹಜ್ಯೋತಿಯಲ್ಲಿದ್ದರೆ ನಿಮ್ಮ ಮನೆಗೆ ನಿಗದಿಯಾದ ಮಿತಿ (ಹಿಂದಿನ ಸರಾಸರಿಯ ಮೇಲೆ ಸ್ವಲ್ಪ ಹೆಚ್ಚುವರಿ) ಎಷ್ಟಿದೆ ಅಂತ ಮೊದಲು ಬಿಲ್ಲಿನಲ್ಲಿ ನೋಡಿ. ಮಿತಿ ದಾಟಿದಷ್ಟಕ್ಕೆ ಕಟ್ಟಬೇಕು, ಒಟ್ಟು 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಮೈಮೇಲೆ ಬರುತ್ತದೆ. ಎರಡು ಮೂರು ಅಂಕಣ ಮಾಡುವ ಆಸೆ ಇದ್ದವರು ಇದನ್ನು ಮೊದಲೇ ಕೂಡಿಸಿ ನೋಡುವುದು ಒಳ್ಳೆಯದು.

ಹಿರಿಯೂರು_ಉಳ್ಳಾಗಡ್ಡಿ:

ಈರುಳ್ಳಿಗೆ ಆ ಲೆಕ್ಕ ಹಾಕಿದ್ರೆ ಕೆಟ್ಟಿರಿ. ನಮ್ಮ ಕಡೆ ಹಾಕೋ ಬಳ್ಳಾರಿ ರೆಡ್, ಅರ್ಕಾ ಕಲ್ಯಾಣ್ ಇವೆಲ್ಲ ಕಿರುಹಗಲಿನ ತಳಿಗಳು. ಹಗಲು 11–12 ತಾಸು ಮುಟ್ಟಿದರೆ ಗಡ್ಡೆ ಕಟ್ಟುವ ಸೂಚನೆ ಸಿಗುತ್ತದೆ. 15–16 ತಾಸು ದೀಪ ಹಚ್ಚಿದರೆ ಸಸಿಯಲ್ಲೇ ಬುಡ ಉಬ್ಬಿ ಗೋಲಿ ಗಾತ್ರದ ಗಡ್ಡೆಯಾಗಿ ಕೂರುತ್ತದೆ, ನಾಟಿ ಮಾಡಿದ ಮೇಲೆ ಮುಂದಕ್ಕೆ ಬೆಳೆಯುವುದಿಲ್ಲ.

ಈರುಳ್ಳಿಗೆ ತಾಸು ಕಡಿಮೆ ಮಾಡಿ ಬೆಳಕು ಜಾಸ್ತಿ ಮಾಡಬೇಕು: 10–11 ತಾಸು, 17,000–18,000 ಲಕ್ಸ್. 250 × 11 × 0.0036, ಹತ್ತು ಮೋಲ್ ಸಿಕ್ಕಿತಲ್ಲ. ಟೊಮೆಟೊ ಇರುವ ಅಂಕಣದಲ್ಲೇ ಇಡಬೇಡಿ, ಪಕ್ಕದ ಅಂಕಣದ ಬೆಳಕು ಸೋರಿ ಬಂದರೂ ಸಸಿಗೆ ಅದು ಹಗಲೇ. ಕಪ್ಪು ಪ್ಲಾಸ್ಟಿಕ್ ಪರದೆ ಇಳಿಬಿಡಿ.

ನಿಜ ಹೇಳಬೇಕೆಂದರೆ ಚಳ್ಳಕೆರೆ, ಹಿರಿಯೂರು ಕಡೆ ಮುಂಗಾರಿಗೆ ಬೀಜವನ್ನೇ ನೇರ ಹೊಲಕ್ಕೆ ಬಿತ್ತುವವರು ಬಹಳ. ಕುಂಡದಲ್ಲಿ ಹತ್ತಿಪ್ಪತ್ತು ಗಿಡ ಹಾಕುವುದಕ್ಕೆ ದೀಪದಡಿ ಈರುಳ್ಳಿ ಮಾಡುವ ಕಷ್ಟ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಫೇಸ್_ನ್ಯೂಟ್ರಲ್:

ವೈರಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಮನೆಯ ಬ್ಯಾಟನ್‌ಗಳು ನೀರು ತಾಳುವಂಥವಲ್ಲ, ನೀವು ಅವುಗಳ ಕೆಳಗೇ ಸ್ಪ್ರೇ ಮಾಡ್ತೀರಿ, ಅದೂ ಕಬ್ಬಿಣದ ರ‍್ಯಾಕಿನಲ್ಲಿ. ನೀರು ಹಾಕುವಷ್ಟು ಹೊತ್ತು ಸ್ವಿಚ್ ಆರಿಸಿ. ನಾಲ್ಕು ಬ್ಯಾಟನ್ನಿನ ಜೋಡಣೆಗಳನ್ನೂ ಟೇಪ್ ಸುತ್ತಿ ಬಿಡಬೇಡಿ, ಮುಚ್ಚಿದ ಜಂಕ್ಷನ್ ಡಬ್ಬಿಯೊಳಗೆ ಹಾಕಿ. ಡಬ್ಬಿಗೆ ಹೋಗುವ ವೈರು ಒಂದು ಗೇಣು ಕೆಳಗೆ ಜೋತು ಮತ್ತೆ ಮೇಲೇರಲಿ, ಹನಿ ಅಲ್ಲೇ ಉದುರುತ್ತದೆ. ರ‍್ಯಾಕಿಗೆ ಅರ್ಥಿಂಗ್ ಕೊಡಿ. ಆ ಸಾಲಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಸಾಲನ್ನು ಕಡಿಯುವ ಸ್ವಿಚ್) ಇರಲೇಬೇಕು.

ಟೈಮರ್ ಕೊಳ್ಳುವಾಗ ಹಲ್ಲು ಒತ್ತುವ ಗುಂಡನೆಯ ಮೆಕ್ಯಾನಿಕಲ್ ಟೈಮರ್ ಬೇಡ. ಕರೆಂಟು ಹೋದಷ್ಟು ಹೊತ್ತು ಅದರ ಗಡಿಯಾರವೂ ನಿಲ್ಲುತ್ತದೆ. ದಿನಾ ಒಂದು ತಾಸು ಹೋದರೆ ವಾರದಲ್ಲಿ ನಿಮ್ಮ ಸಂಜೆ 6 ನಡುರಾತ್ರಿ 1 ಆಗಿರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಗೊಳ್ಳಿ.

ಕೋಟೆನಾಡು_ಟ್ರೇ:

ಬಾಡಿಗೆ ಮನೆ ಅಂದ್ರೆ ಬಿಡ್ರಿ, ಒಳಗೇ ಮಾಡ್ರಿ. ಬೆಳಕು ಜಾಸ್ತಿ ಆದ್ರೆ ಹೆಂಗೆ ತಿಳಿಯೋದು ಅಂತ ಮುಂದೆ ಕೇಳ್ತೀರಿ, ಈಗ್ಲೇ ಹೇಳ್ತೀನಿ. ತುದಿ ಎಲೆ ಮೇಲಕ್ಕೆ ದೋಣಿಯಂಗೆ ಮಡಚಿಕೊಳ್ತದೆ, ದೀಪದ ನೇರ ಕೆಳಗಿನ ಎಲೆ ಬಿಳಿಚಿಕೊಳ್ತದೆ, ಗೆಣ್ಣು ಗೆಣ್ಣು ಅಂಟಿಕೊಂಡು ಸಸಿ ಕುಳ್ಳಾಗೇ ಉಳೀತದೆ. ನಡುವಿನ ಸಾಲು ಮಾತ್ರ ಹಂಗಾಗಿ ಅಂಚಿನವು ಚೊಲೋ ಇದ್ರೆ ಬೆಳಕೇ ಕಾರಣ, 5 ಸೆಂ.ಮೀ. ಏರಿಸ್ರಿ. ಟ್ರೇ ಪೂರ್ತಿ ಒಂದೇ ಸಮ ತಿಳಿಹಳದಿ ಆದ್ರೆ ದೀಪ ಮುಟ್ಟಬ್ಯಾಡ್ರಿ, ಅದು ಹಸಿವು. ಕೋಕೋಪೀಟಿನಾಗೆ ಊಟ ಏನೂ ಇರಲ್ಲ. ಮೊದಲ ನಿಜವಾದ ಎಲೆ ಬಿಚ್ಚಿದ ಮೇಲೆ 19:19:19 ಗೊಬ್ಬರ ಲೀಟರಿಗೆ ಅರ್ಧ ಗ್ರಾಂ, ಎರಡನೇ ಎಲೆಗೆ ಒಂದು ಗ್ರಾಂ, ವಾರಕ್ಕೆ ಎರಡು ಸಲ. ಬೆಳಕು ಹೆಚ್ಚಿಸಿದಷ್ಟೂ ಊಟನೂ ನೀರೂ ಜಾಸ್ತಿ ಕೇಳ್ತದೆ.

ಈಗಾಗ್ಲೇ ಉದ್ದ ಆದ ಟೊಮೆಟೊನ ಎಸೀಬ್ಯಾಡ್ರಿ. ಎರಡು ಎಲೆ ಬಂದ ಮೇಲೆ ದೊಡ್ಡ ಲೋಟಕ್ಕೆ ಬೀಜದೆಲೆ ತನಕ ಹೂತು ಹಾಕ್ರಿ, ಹೂತ ಕಾಂಡದಿಂದ ಬೇರು ಬಿಡ್ತದೆ. ಕೋಸನ್ನೂ ಬೀಜದೆಲೆ ತನಕ ಇಳಿಸಬೋದು. ಮೆಣಸು ಹಂಗೆ ಬೇರು ಬಿಡಲ್ಲ, ಒಂದು ಬೆರಳಿಗಿಂತ ಜಾಸ್ತಿ ಹೂಳಬ್ಯಾಡ್ರಿ, ಉದ್ದ ಆದವನ್ನ ಬಿಟ್ಟು ಹೊಸದಾಗಿ ಬಿತ್ತೋದೇ ವಾಸಿ.

ಹೊರಗೆ ಹಾಕೋವಾಗ ಅವಸರ ಬ್ಯಾಡ. ದೀಪದಡಿ 200 ಮೈಕ್ರೋಮೋಲ್ ಕಂಡ ಎಲೆಗೆ ಮಧ್ಯಾಹ್ನದ ಬಿಸಿಲು ಅದರ ಹತ್ತು ಪಟ್ಟು. ಟೊಮೆಟೊ 22–25 ದಿನಕ್ಕೆ, ಮೆಣಸು 35–40ಕ್ಕೆ ಸಾಗಿಸೋ ಹದಕ್ಕೆ ಬರ್ತವೆ. ಅದಕ್ಕೂ ಒಂದು ವಾರ ಮುಂಚಿಂದ ಬೆಳಗಿನ ಎಳೆಬಿಸಿಲಿಗೆ ಮೊದಲ ದಿನ ಒಂದು ತಾಸು, ಆಮೇಲೆ ದಿನಾ ಒಂದೊಂದು ತಾಸು ಏರಿಸ್ರಿ, 11ರ ಮೇಲಿನ ಬಿಸಿಲು ಕೊನೆ ಎರಡು ದಿನ ಮಾತ್ರ. ದುರ್ಗದ ಕಡೆಯವರು ಗಾಳಿಗೂ ಮರೆ ಕಟ್ರಿ, ಗಾಳಿಯಂತ್ರ ತಿರುಗೋ ಊರಿದು, ಆಷಾಢದಾಗೆ ಎಳೆ ಸಸಿ ಸೊಂಟ ಮುರೀತವೆ. ಮಾಲೀಕರ ಹತ್ರ ಆ ಒಂದು ವಾರಕ್ಕಾದ್ರೂ ತಾರಸಿ ಬೀಗದ ಕೈ ಕೇಳಿ ಇಟ್ಕೊಳ್ರಿ.